ಮಕ್ಕಳ ಚಿತ್ರಪುಸ್ತಕಗಳಲ್ಲಿ ವ್ಯಂಗ್ಯಾರ್ಥ

ಕಾವ್ಯದಿಂದ ಆಗುವ ಪ್ರಯೋಜನಗಳನ್ನು ಎಣಿಸುವಾಗ ಮಮ್ಮಟನೇ ಮೊದಲಾದ ಆಲಂಕಾರಿಕರು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿ ನೋಡಿದ್ದಾರೆ. ವೇದಶಾಸ್ತ್ರಗಳದು ಪ್ರಭುಸಮ್ಮಿತ, ಒಡೆಯನು ಆಜ್ಞಾಪಿಸುವಂತೆ ಅವು ವಿಧಿಸುತ್ತವೆ. ಪುರಾಣೇತಿಹಾಸಗಳದು ಸುಹೃತ್ಸಮ್ಮಿತ, ಗೆಳೆಯನಂತೆ ಹಿತಾಹಿತಗಳನ್ನು ತಿಳಿಯಹೇಳುತ್ತವೆ. ಕಾವ್ಯದ್ದಾದರೋ ಕಾಂತಾಸಮ್ಮಿತ, ಅದು ಆಜ್ಞೆ ಮಾಡುವುದಿಲ್ಲ, ವಾದಿಸುವುದೂ ಇಲ್ಲ, ಮನಸ್ಸನ್ನು ಒಲಿಸಿಕೊಂಡು ತನ್ನ ದಾರಿಗೆ ತಿರುಗಿಸಿಕೊಳ್ಳುತ್ತದೆ. ಉಪದೇಶ ನಡೆಯುತ್ತಿದೆ ಎಂಬ ಅರಿವೇ ಕೇಳುವವನಿಗೆ ಉಂಟಾಗದಿರುವುದು ಅದರ ಬಲ. ಈ ವಿಭಾಗವನ್ನು ವಿದ್ವತ್ ತರಗತಿಗಳಲ್ಲಿ ಕಂಠಪಾಠ ಮಾಡಿದವರು ಅನೇಕರಿದ್ದಾರೆ. ಆದರೆ ಹೀಗೆ ಒಲಿಸಿಕೊಂಡು ಹೇಳುವ ಮಾತು ಯಾವಾಗಲೂ ಒಳ್ಳೆಯ ಮಾತೇ ಆಗಿರಬೇಕೆಂಬ ಕಟ್ಟಳೆಯೇನೂ ಇಲ್ಲವೆಂಬುದನ್ನು ಯೋಚಿಸಿದವರು ವಿರಳ. ಒಲಿಸುವ ಶಕ್ತಿ ಎರಡು ಅಲಗಿನ ಕತ್ತಿ.

ಮಕ್ಕಳ ಕೈಗೆ ಬರುವ ಚಿತ್ರಪುಸ್ತಕವನ್ನೂ ಮಕ್ಕಳಿಗಾಗಿ ತಯಾರಾಗುವ ಚಲನಚಿತ್ರವನ್ನೂ ಕಾಂತಾಸಮ್ಮಿತದ ಪರಾಕಾಷ್ಠೆ ಎನ್ನಬೇಕು. ನಾಲ್ಕೈದು ವರ್ಷದ ಮಗುವಿಗೆ ಅಕ್ಷರ ಬಾರದು. ಆದರೆ ಚಿತ್ರವನ್ನು ಓದಲು ಬರುತ್ತದೆ. ತಾಯಿಯೋ ಅಕ್ಕನೋ ಅಕ್ಷರಗಳನ್ನು ಓದಿ ಹೇಳುತ್ತಿರುವಾಗ ಅದರ ಕಣ್ಣು ಪುಟದ ಮೂಲೆಮೂಲೆಗೂ ಹೋಗಿ ಬರುತ್ತದೆ. ಯಾರು ಮುಂದೆ ನಿಂತಿದ್ದಾರೆ, ಯಾರು ಹಿಂದೆ. ಯಾರ ಕೈಯಲ್ಲಿ ಕತ್ತಿ, ಯಾರ ಕೈಯಲ್ಲಿ ಸೌಟು. ಯಾರ ಮೈ ಬೆಳ್ಳಗೆ ಹೊಳೆಯುತ್ತಿದೆ, ಯಾರ ಹಲ್ಲು ಹೊರಚಾಚಿದೆ - ಇವೆಲ್ಲವೂ ಆ ಕಣ್ಣಿಗೆ ಬೀಳುತ್ತವೆ. ಅಷ್ಟೇ ಅಲ್ಲ, ಅದೇ ಪುಸ್ತಕವನ್ನು ಅದು ಇಪ್ಪತ್ತು ಸಲ, ಮೂವತ್ತು ಸಲ ಓದಿಸಿಕೊಳ್ಳುತ್ತದೆ. ಪ್ರೌಢರು ಯಾವ ಮಹಾಕಾವ್ಯವನ್ನೂ ಅಷ್ಟು ಸಲ ಓದುವುದಿಲ್ಲ. ಇಷ್ಟು ನಿಷ್ಠೆಯ ಸಹೃದಯನು ಯಾವ ಕವಿಗೆ ದೊರೆತಾನು?

ಧ್ವನಿತತ್ತ್ವವನ್ನು ವಿವರಿಸುವಾಗ ಶಾಸ್ತ್ರಕಾರರು ಒಂದು ಸರಳವಾದ ಉದಾಹರಣೆಯನ್ನು ಕೊಡುವುದುಂಟು. ಹೊತ್ತು ಮುಳುಗಿತೆಂದು ಯಾರೋ ಒಬ್ಬರು ಹೇಳುತ್ತಾರೆ. ವಾಚ್ಯಾರ್ಥ ಎಲ್ಲರಿಗೂ ಒಂದೇ. ಆದರೆ ದನಗಾಹಿಗೆ ಅದು ದನಗಳನ್ನು ಮನೆಯ ಕಡೆಗೆ ತಿರುಗಿಸುವ ಸೂಚನೆ. ವೈದಿಕನಿಗೆ ಸಂಧ್ಯಾವಂದನೆಯ ಸಮಯ. ಕಳ್ಳನಿಗೆ ಕೆಲಸಕ್ಕೆ ಹೊರಡುವ ವೇಳೆ. ಕೇಳುವವನ ಸ್ಥಿತಿಯಂತೆ ವ್ಯಂಗ್ಯಾರ್ಥ ಬೇರೆಯಾಗುತ್ತದೆ. ಚಿತ್ರಪುಸ್ತಕದ ಪುಟವೊಂದನ್ನು ಇದೇ ರೀತಿಯಲ್ಲಿ ನೋಡಬಹುದು. ಬೆಳ್ಳಗಿರುವ ರಾಜಕುಮಾರಿ, ಕಪ್ಪಗಿರುವ ರಾಕ್ಷಸಿ ಎಂಬ ಚಿತ್ರ ಒಂದೇ. ಆದರೆ ಅದನ್ನು ನೋಡುವ ಬಿಳಿಯ ಮೈಯ ಮಗುವಿಗೆ ಕೇಳಿಸುವ ಮಾತು ಒಂದು, ಕರಿಯ ಮೈಯ ಮಗುವಿಗೆ ಕೇಳಿಸುವ ಮಾತು ಇನ್ನೊಂದು. ಬರೆದವನಿಗೆ ಎರಡನೆಯ ಮಾತು ಗೊತ್ತೇ ಇರಲಿಲ್ಲವೆಂಬುದು ಹಲವು ವೇಳೆ ನಿಜವಾದರೂ, ಕೇಳಿಸಿಕೊಂಡ ಮಗುವಿಗೆ ಅದರಿಂದ ಸಮಾಧಾನವಿಲ್ಲ.

ಹೀಗೆ ಒಂದು ಜನವರ್ಗವನ್ನೆಲ್ಲ ಒಂದೇ ರೂಪದಲ್ಲಿ ತೋರಿಸುವ ಚಿತ್ರಣಕ್ಕೆ ಕನ್ನಡದಲ್ಲಿ ಸಿದ್ಧಮಾದರಿ ಎಂಬ ಮಾತು ಬಳಕೆಗೆ ಬಂದಿದೆ. ಇದಕ್ಕೆ ಸಮನಾದ ಪಾಶ್ಚಾತ್ಯ ಶಬ್ದ 'ಸ್ಟೀರಿಯೊಟೈಪ್' ಹುಟ್ಟಿದ್ದು ಮುದ್ರಣಾಲಯದಲ್ಲಿ. ಅಚ್ಚುಮೊಳೆಗಳನ್ನು ಜೋಡಿಸಿದ ಪುಟದ ಪಡಿಯಚ್ಚನ್ನು ತೆಗೆದು, ಲೋಹವನ್ನು ಎರಕ ಹೊಯ್ದು ಮಾಡಿದ ಗಟ್ಟಿಯಾದ ತಗಡಿಗೆ ಆ ಹೆಸರು. ಒಮ್ಮೆ ಎರಕವಾದ ಮೇಲೆ ಅದರಿಂದ ಸಾವಿರಾರು ಪ್ರತಿಗಳನ್ನು ತೆಗೆಯಬಹುದು. ಆದರೆ ಒಂದು ಮೊಳೆಯನ್ನೂ ಬದಲಿಸಲಾಗದು. ಅಮೆರಿಕದ ಪತ್ರಿಕಾಲೇಖಕ ವಾಲ್ಟರ್ ಲಿಪ್‌ಮನ್ ೧೯೨೨ರಲ್ಲಿ ಪ್ರಕಟಿಸಿದ ತನ್ನ ಗ್ರಂಥವೊಂದರಲ್ಲಿ ಈ ಶಬ್ದವನ್ನು ಮನುಷ್ಯನ ತಲೆಯೊಳಗಿನ ಚಿತ್ರಗಳಿಗೆ ಅನ್ವಯಿಸಿದನು. ರೂಪಕ ಚೆನ್ನಾಗಿದೆ. ತಿದ್ದಲಾಗದಿರುವುದೇ ಅದರ ಮುಖ್ಯ ಲಕ್ಷಣ.

ಈ ವಿಷಯದಲ್ಲಿ ಲೋಕಪ್ರಸಿದ್ಧವಾದ ಒಂದು ಪುಸ್ತಕ ಹುಟ್ಟಿದ್ದು ಭಾರತದ ನೆಲದಲ್ಲಿಯೇ ಎಂಬುದು ಹೆಚ್ಚು ಜನರಿಗೆ ತಿಳಿದಿರಲಾರದು. ಮದರಾಸು ಪ್ರಾಂತದಲ್ಲಿ ವೈದ್ಯಾಧಿಕಾರಿಯಾಗಿದ್ದ ಸ್ಕಾಟ್ಲೆಂಡಿನವನೊಬ್ಬನ ಪತ್ನಿ ಹೆಲೆನ್ ಬ್ಯಾನರ್‌ಮನ್ ತನ್ನ ಹೆಣ್ಣುಮಕ್ಕಳಿಗಾಗಿ ಒಂದು ಕಥೆಯನ್ನು ಬರೆದು ತಾನೇ ಚಿತ್ರಗಳನ್ನೂ ಬಿಡಿಸಿದಳು. ೧೮೯೯ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ಪುಸ್ತಕದ ಹೆಸರು 'ಲಿಟ್ಲ್ ಬ್ಲ್ಯಾಕ್ ಸ್ಯಾಂಬೊ'. ಕಾಡಿಗೆ ಹೋದ ಹುಡುಗನೊಬ್ಬನ ಹೊಸ ಬಟ್ಟೆ, ಕೊಡೆ, ಜೋಡುಗಳನ್ನು ಹುಲಿಗಳು ಕಸಿದುಕೊಳ್ಳುತ್ತವೆ. ತಮ್ಮತಮ್ಮಲ್ಲಿಯೇ ಜಗಳವಾಡಿ ಮರದ ಸುತ್ತ ಓಡಿ ಓಡಿ ಕರಗಿ ತುಪ್ಪವಾಗುತ್ತವೆ. ಆ ತುಪ್ಪದಲ್ಲಿ ತಾಯಿ ಸಿಹಿ ದೋಸೆಯಂಥ ತಿಂಡಿಯನ್ನು ಮಾಡಿ ಬಡಿಸುತ್ತಾಳೆ. ಹುಡುಗನು ನೂರ ಅರವತ್ತೊಂಬತ್ತನ್ನು ತಿಂದನಂತೆ! ಕಥೆಯ ಸ್ವಾರಸ್ಯದಲ್ಲಿ ಕೊರತೆಯಿಲ್ಲ. ಹುಡುಗ ಜಾಣ, ಹುಲಿಗಳನ್ನೇ ಗೆದ್ದವನು. ಹುಲಿ, ತುಪ್ಪ ಎಲ್ಲವೂ ಭಾರತದವೇ. ಆದರೆ ಹುಡುಗನ ರೂಪವನ್ನು ಬರೆಯುವಾಗ ಆಕೆಯ ಕೈ ಆ ಕಾಲದ ಯುರೋಪು ಅಮೆರಿಕಗಳಲ್ಲಿ ಕರಿಯರನ್ನು ಗೇಲಿಮಾಡಲು ಬಳಸುತ್ತಿದ್ದ ಪಡಿಯಚ್ಚಿನ ಕಡೆಗೆ ಜಾರಿತು. ಹೆಸರಾದರೂ ಅಂಥದೇ, ಕರಿಯರನ್ನು ಹೀಯಾಳಿಸಿ ಕರೆಯುವ ಹೆಸರು. ತಂದೆತಾಯಿಗಳಿಗೆ ಇಟ್ಟ ಹೆಸರುಗಳು ಜಂಬೊ, ಮಂಬೊ. ಎರಡನ್ನೂ ಸೇರಿಸಿದರೆ ಅರ್ಥವಿಲ್ಲದ ಗೊಣಗಾಟವೆಂದು ಅರ್ಥ. ಅಮೆರಿಕದ ಪ್ರಕಾಶಕರು ಬೇರೆ ಬೇರೆ ಚಿತ್ರಕಾರರಿಂದ ಬರೆಸಿ ಆ ಗೇಲಿಯನ್ನು ಮತ್ತಷ್ಟು ದಪ್ಪವಾಗಿಸಿದರು. ಅಲ್ಲಿನ ಶಾಲೆಗಳಲ್ಲಿ ಈ ಪುಸ್ತಕವನ್ನು ಓದಿಸಿದ ದಿನ ಕರಿಯ ಮಕ್ಕಳನ್ನು ಸಹಪಾಠಿಗಳು ಆ ಹೆಸರಿನಿಂದಲೇ ಕೂಗುತ್ತಿದ್ದರು.

ನೂರು ವರ್ಷಗಳ ಸುಮಾರಿಗೆ, ಅಂದರೆ ೧೯೯೬ರಲ್ಲಿ, ಫ್ರೆಡ್ ಮಾರ್ಸೆಲಿನೊ ಎಂಬ ಚಿತ್ರಕಾರ ಅದೇ ಕಥೆಯನ್ನು ಬಹುಮಟ್ಟಿಗೆ ಅದೇ ಮಾತುಗಳಲ್ಲಿ ಉಳಿಸಿಕೊಂಡು, ಹುಡುಗನಿಗೆ ಬಾಬಾಜಿ, ತಾಯಿಗೆ ಮಾಮಾಜಿ, ತಂದೆಗೆ ಪಾಪಾಜಿ ಎಂದು ಹೆಸರಿಟ್ಟು, ಭಾರತದ ಉಡುಪು ತೊಡಿಸಿ ಹೊಸದಾಗಿ ಬರೆದನು. ತಾಯಿಯನ್ನು ಮಾಮಾಜಿ ಎಂದು ಕರೆದದ್ದನ್ನು ಕಂಡು ಉತ್ತರದೇಶದವರು ನಕ್ಕಿರಬಹುದು, ಅದು ಬೇರೆ ಮಾತು. ಗಮನಿಸಬೇಕಾದ ಅಂಶವೆಂದರೆ, ಕಥೆಯಲ್ಲಿ ಏನೂ ಕೆಡಲಿಲ್ಲ. ಹುಲಿಗಳು ಮೊದಲಿನಂತೆಯೇ ತುಪ್ಪವಾದವು. ಎಂದ ಮೇಲೆ ಆ ಗೇಲಿಯ ರೂಪ ಕಥೆಗೆ ಬೇಕಾಗಿರಲಿಲ್ಲ. ಕಥೆಯ ಬೆನ್ನೇರಿ ಒಳಗೆ ಬಂದಿತ್ತು.

ಇಂಥ ಚಿತ್ರಗಳು ಮಕ್ಕಳ ಮನಸ್ಸಿನಲ್ಲಿ ನಿಜವಾಗಿಯೂ ಏನನ್ನಾದರೂ ಮಾಡುತ್ತವೆಯೆ, ಅಥವಾ ಇದೆಲ್ಲವೂ ದೊಡ್ಡವರ ಕಲ್ಪನೆಯೆ ಎಂದು ಕೇಳುವವರುಂಟು. ೧೯೪೦ರ ಸುಮಾರಿನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕೆನೆತ್ ಕ್ಲಾರ್ಕ್, ಮೇಮಿ ಕ್ಲಾರ್ಕ್ ದಂಪತಿಗಳು ಕರಿಯ ಮಕ್ಕಳ ಮುಂದೆ ಬಿಳಿಯ ಗೊಂಬೆಯನ್ನೂ ಕಂದು ಬಣ್ಣದ ಗೊಂಬೆಯನ್ನೂ ಇಟ್ಟು, ಚೆಂದದ ಗೊಂಬೆ ಯಾವುದು, ಕೆಟ್ಟದ್ದು ಯಾವುದು ಎಂದು ಕೇಳಿದರು. ಮಕ್ಕಳಲ್ಲಿ ಹೆಚ್ಚಿನವರು ಬಿಳಿಯ ಗೊಂಬೆಯನ್ನೇ ಚೆಂದವೆಂದು ಆರಿಸಿದರು. ನಿನ್ನಂತೆ ಇರುವ ಗೊಂಬೆ ಯಾವುದು ಎಂಬ ಪ್ರಶ್ನೆ ಬಂದಾಗ ಕೆಲವು ಮಕ್ಕಳು ಅತ್ತುಬಿಟ್ಟರು. ಶಾಲೆಗಳಲ್ಲಿ ಬಿಳಿಯರನ್ನೂ ಕರಿಯರನ್ನೂ ಬೇರೆ ಬೇರೆಯಾಗಿ ಕೂರಿಸುವ ಪದ್ಧತಿಯನ್ನು ೧೯೫೪ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿದಾಗ ಈ ಪ್ರಯೋಗವೂ ಆಧಾರಗಳಲ್ಲಿ ಒಂದಾಗಿತ್ತು. ಮುಂದೆ ೧೯೬೫ರಲ್ಲಿ ನ್ಯಾನ್ಸಿ ಲ್ಯಾರಿಕ್ ಎಂಬ ವಿದುಷಿ ಬರೆದ ಲೇಖನವೊಂದು ಪ್ರಸಿದ್ಧವಾಯಿತು. ಪುಸ್ತಕದಲ್ಲಿರುವವರು ಯಾವಾಗಲೂ ಬಿಳಿಯ ಮಕ್ಕಳೇ ಏಕೆ ಎಂದು ಐದು ವರ್ಷದ ಕರಿಯ ಬಾಲಿಕೆಯೊಬ್ಬಳು ಕೇಳಿದ ಪ್ರಶ್ನೆಯಿಂದ ಅದು ಮೊದಲಾಗುತ್ತದೆ. ಮೂರು ವರ್ಷಗಳಲ್ಲಿ ಪ್ರಕಟವಾದ ೫,೨೦೬ ಮಕ್ಕಳ ಪುಸ್ತಕಗಳನ್ನು ಲೆಕ್ಕಹಾಕಿದಾಗ ಒಬ್ಬನಾದರೂ ಕರಿಯನು ಕಾಣಿಸಿಕೊಂಡ ಪುಸ್ತಕಗಳು ೩೪೯ ಮಾತ್ರ ಎಂದು ಲ್ಯಾರಿಕ್ ತೋರಿಸಿದರು. ಕೆಟ್ಟದಾಗಿ ತೋರಿಸುವುದು ಒಂದು ದೋಷ. ತೋರಿಸದೆಯೇ ಇರುವುದು ಇನ್ನೊಂದು. ಎರಡನೆಯದನ್ನು ಹಿಡಿಯುವುದು ಕಷ್ಟ, ಏಕೆಂದರೆ ಇಲ್ಲದಿರುವುದು ಕಣ್ಣಿಗೆ ಕಾಣುವುದಿಲ್ಲ.

ಚಲನಚಿತ್ರಗಳ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ಹೇಳಿದರೆ ಸಾಕು. ವಾಲ್ಟ್ ಡಿಸ್ನಿಯ ಸಂಸ್ಥೆ ೧೯೩೭ರಲ್ಲಿ ಹೊರತಂದ 'ಸ್ನೋ ವೈಟ್' ಚಿತ್ರದಲ್ಲಿ ರಾಣಿ ಕನ್ನಡಿಯನ್ನು ಕೇಳುವ ಪ್ರಶ್ನೆ ಲೋಕವಿಖ್ಯಾತ. ಅಲ್ಲಿ ಬರುವ ಇಂಗ್ಲಿಷ್ ಶಬ್ದಕ್ಕೆ ಚೆಲುವೆ ಎಂದೂ ಅರ್ಥ, ಬೆಳ್ಳಗಿರುವವಳು ಎಂದೂ ಅರ್ಥ. ಒಂದೇ ಶಬ್ದದಲ್ಲಿ ಎರಡು ಅರ್ಥ ಅಂಟಿಕೊಂಡಿರುವುದರಿಂದ ಆ ಭಾಷೆಯ ಮಗು ಎರಡನ್ನೂ ಒಂದೇ ಎಂದು ಕಲಿಯುತ್ತದೆ. ಕನ್ನಡದ ಚೆಲುವು, ಸೊಬಗು, ಲಕ್ಷಣ ಎಂಬ ಮಾತುಗಳಲ್ಲಿ ಬಣ್ಣದ ಸೋಂಕಿಲ್ಲ. ಕಪ್ಪನ್ನು ಕಸ್ತೂರಿಗೆ ಹೋಲಿಸುವ ಮಾತು ಹಳ್ಳಿಗಳಲ್ಲಿ ಇಂದಿಗೂ ಇದೆ. ಎರೆಮಣ್ಣನ್ನು ಲಕ್ಷ್ಮಿಯೆಂದು ಪೂಜಿಸುವ ಈ ನಾಡಿನ ಹೆಸರನ್ನೇ ಕರಿಯ ಮಣ್ಣಿನ ನಾಡೆಂದು ಬಿಡಿಸುವ ಪಂಡಿತರೂ ಉಂಟು. ಆದರೆ ಹೆಣ್ಣು ನೋಡಲು ಹೋದವರ ಬಾಯಲ್ಲಿ ಈ ಶಬ್ದಸಂಪತ್ತು ಎಲ್ಲಿ ಅಡಗುತ್ತದೆಯೋ ತಿಳಿಯದು.

ಅದೇ ಸಂಸ್ಥೆಯ 'ಡಂಬೊ' (೧೯೪೧) ಚಿತ್ರದ ಕಾಗೆಗಳು, 'ಪೀಟರ್ ಪ್ಯಾನ್' (೧೯೫೩) ಚಿತ್ರದ ಅಮೆರಿಕದ ಮೂಲನಿವಾಸಿಗಳು ಗೇಲಿಯ ಪಾತ್ರಗಳಾಗಿ ಬಂದಿರುವುದನ್ನು ಅನೇಕರು ಎತ್ತಿತೋರಿಸಿದ್ದಾರೆ. ೧೯೯೨ರ 'ಅಲ್ಲಾದೀನ್' ಚಿತ್ರದ ಆರಂಭದ ಹಾಡಿನಲ್ಲಿ ಅರಬರನ್ನು ಕ್ರೂರಿಗಳೆಂದು ಬಣ್ಣಿಸಿದ ಸಾಲು ಅಮೆರಿಕದ ಅರಬ್ ಸಂಘದವರ ಪ್ರತಿಭಟನೆಯಿಂದಾಗಿ ಮರುವರ್ಷ ಬದಲಾಯಿತು. ಆದರೆ ನಾಯಕ ನಾಯಿಕೆಯರು ಅಮೆರಿಕದವರಂತೆ ಮಾತನಾಡುವುದು, ದುಷ್ಟರು ಮಾತ್ರ ಪರದೇಶದ ಉಚ್ಚಾರದಲ್ಲಿ ಮಾತನಾಡುವುದು ಹಾಗೆಯೇ ಉಳಿಯಿತು. ಸಾಲನ್ನು ತಿದ್ದುವುದು ಸುಲಭ. ಧ್ವನಿಯನ್ನು ತಿದ್ದುವುದು ಸುಲಭವಲ್ಲ. ಕಿಪ್ಲಿಂಗನ 'ಜಂಗಲ್ ಬುಕ್' (೧೮೯೪) ಕಥೆಯ ಕಪಿಗಳಿಗೆ ರಾಜನೇ ಇಲ್ಲ; ನಾಯಕನಿಲ್ಲದ ಗುಂಪೆಂದೇ ಅವನು ಅವುಗಳನ್ನು ವರ್ಣಿಸಿದ್ದಾನೆ. ೧೯೬೭ರ ಚಲನಚಿತ್ರ ಅವುಗಳಿಗೆ ಒರಾಂಗುಟಾನ್ ಎಂಬ ಜಾತಿಯ ವಾನರರಾಜನನ್ನು ತಂದು ಕೊಟ್ಟಿತು. ಸಿವನಿಯ ಕಾಡಿನಲ್ಲಿ ಆಗಲಿ ಭಾರತದ ಬೇರಾವ ಕಾಡಿನಲ್ಲಿ ಆಗಲಿ ಆ ಪ್ರಾಣಿ ಇಲ್ಲ. ಮನುಷ್ಯನಾಗಬೇಕೆಂದು ಹಂಬಲಿಸಿ ಕರಿಯರ ಸಂಗೀತದ ಧಾಟಿಯಲ್ಲಿ ಹಾಡುವ ಆ ಕಪಿಯನ್ನು, ಕರಿಯರು ಸಮಾನ ಹಕ್ಕಿಗಾಗಿ ಬೀದಿಗಿಳಿದಿದ್ದ ಆ ವರ್ಷಗಳಲ್ಲಿ, ಹಲವರು ಬೇರೊಂದು ಅರ್ಥದಲ್ಲಿ ಕಂಡದ್ದು ಆಶ್ಚರ್ಯವಲ್ಲ. ೨೦೨೦ರಲ್ಲಿ ಆ ಸಂಸ್ಥೆ ತನ್ನ ಕೆಲವು ಹಳೆಯ ಚಿತ್ರಗಳ ಮೊದಲಿಗೆ, ಇದರಲ್ಲಿ ಕೆಲವು ಜನರನ್ನು ತಪ್ಪಾಗಿ ತೋರಿಸಲಾಗಿದೆ ಎಂಬ ಅರ್ಥದ ಸೂಚನೆಯನ್ನು ಸೇರಿಸಿತು. ಹನ್ನೆರಡು ಸೆಕೆಂಡುಗಳ ಕಾಲ ಅದು ತೆರೆಯ ಮೇಲಿರುತ್ತಿತ್ತು. ಅಕ್ಷರ ಬಾರದ ಮಗುವಿಗೆ ಆ ಸೂಚನೆಯಿಂದ ಏನು ಲಾಭವೆಂಬುದನ್ನು ಅವರೇ ಹೇಳಬೇಕು.

ಪರದೇಶದ ಮಾತು ಅತ್ತ ಇರಲಿ. ಈ ನಾಡಿನ ಮಕ್ಕಳು ಕಳೆದ ಅರ್ಧ ಶತಮಾನದಲ್ಲಿ ಯಾವ ಚಿತ್ರಕಥೆಗಳನ್ನು ಓದಿ ಬೆಳೆದರೋ ಅವುಗಳ ಕಡೆಗೆ ತಿರುಗಬೇಕು. ೧೯೬೪ರಲ್ಲಿ ಆರಂಭವಾದ ಇಂದ್ರಜಾಲ ಚಿತ್ರಕಥೆಗಳಲ್ಲಿ ಮುಸುಕುಧಾರಿಯಾದ ಒಬ್ಬ ಬಿಳಿಯ ವೀರನು ತಲೆಮಾರುಗಳಿಂದ ಆಫ್ರಿಕದ ಕಾಡಿನ ಕರಿಯ ಜನರ ರಕ್ಷಕನೂ ಒಡೆಯನೂ ಆಗಿರುತ್ತಾನೆ. ಆ ಕಾಡಿನ ಮೂಲ ಹೆಸರು ಬಂಗಾಳವನ್ನು ನೆನಪಿಗೆ ತರುವಂತಿದ್ದುದರಿಂದ ಭಾರತದ ಪ್ರಕಾಶಕರು ಅದನ್ನು ಡೆಂಕಾಲಿ ಎಂದು ಬದಲಾಯಿಸಿದರು. ಹೆಸರು ತಾಕೀತೆಂದು ಅಂಜಿದವರಿಗೆ ಚಿತ್ರ ತಾಕಲಿಲ್ಲ.

ಆ ಮಾಲೆಯೊಡನೆ ಸಂಬಂಧವಿದ್ದು ಅನಂತರ ಅದರಿಂದ ಹೊರಬಂದವರು ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ (೧೯೨೯-೨೦೧೧). ಅವರ ಸಂಪಾದಕತ್ವದಲ್ಲಿ ೧೯೬೭ರಲ್ಲಿ ಮೊದಲಾದ ಅಮರ ಚಿತ್ರಕಥೆ ಮಾಲೆಯ ಹೆಸರನ್ನು ಕೇಳದ ವಿದ್ಯಾವಂತ ಕುಟುಂಬ ಅಪರೂಪ. ದೂರದರ್ಶನದ ಒಂದು ಪ್ರಶ್ನೋತ್ತರ ಕಾರ್ಯಕ್ರಮದಲ್ಲಿ ಮಕ್ಕಳು ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರಿಸಿ, ರಾಮನ ತಾಯಿ ಯಾರೆಂಬುದಕ್ಕೆ ಉತ್ತರಿಸದೆ ಹೋದದ್ದನ್ನು ಕಂಡು ಅವರಿಗೆ ಈ ಸಂಕಲ್ಪ ಮೂಡಿತೆಂಬ ಸಂಗತಿ ಪ್ರಸಿದ್ಧವಾಗಿದೆ. ಮಾಲೆಯ 'ಕೃಷ್ಣ' ಪುಸ್ತಕಕ್ಕೆ ಹನ್ನೊಂದನೆಯ ಸಂಖ್ಯೆ ಇರುವುದೇಕೆಂದು ಅನೇಕರು ಸೋಜಿಗಪಟ್ಟಿರಬಹುದು. ಮೊದಲ ಹತ್ತು ಪುಸ್ತಕಗಳು ಸಿಂಡರೆಲಾ, ಸ್ನೋ ವೈಟ್ ಮೊದಲಾದ ಪಾಶ್ಚಾತ್ಯ ಕಥೆಗಳು; ಅವು ಬೆಂಗಳೂರಿನಿಂದ ಮೊದಲು ಕನ್ನಡದಲ್ಲಿಯೇ ಹೊರಟವೆಂದು ಆ ಕೆಲಸದಲ್ಲಿದ್ದವರು ಹೇಳಿದ್ದಾರೆ. ಹಾಗಾದರೆ ದೇಶದ ಮಕ್ಕಳಿಗೆ ಪುರಾಣವನ್ನು ಚಿತ್ರದಲ್ಲಿ ಕೊಟ್ಟ ಮಾಲೆಯ ಬಾಗಿಲಲ್ಲಿ ನಿಂತವಳು ಹಿಮದಂತೆ ಬೆಳ್ಳಗಿನ ರಾಜಕುಮಾರಿ!

ಅಮರ ಚಿತ್ರಕಥೆಯ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆಯಾಗುತ್ತದೆ. ಅಜ್ಜಅಜ್ಜಿಯರಿಂದ ದೂರವಾದ ಪಟ್ಟಣದ ಮನೆಗಳಲ್ಲಿ ಪುರಾಣಪುಣ್ಯಕಥೆಗಳನ್ನು ಉಳಿಸಿದ ಯಶಸ್ಸು ಅದಕ್ಕೆ ಸಲ್ಲಬೇಕು. ಅಂಬೇಡ್ಕರರ ಜೀವನವನ್ನೂ ಅದು ಮಕ್ಕಳಿಗೆ ಕೊಟ್ಟಿದೆ. ಆದರೆ ಅದರ ಬಣ್ಣಗಳ ಮಾತು ಬೇರೆ. ಕಾರ್ಲೀನ್ ಮೆಕ್ಲೇನ್, ನಂದಿನಿ ಚಂದ್ರ ಮೊದಲಾದವರು ಈ ಮಾಲೆಯ ಮೇಲೆ ಗ್ರಂಥಗಳನ್ನೇ ಬರೆದು ಚರ್ಚಿಸಿದ್ದಾರೆ. ದೇವತೆಗಳೂ ಕ್ಷತ್ರಿಯ ವೀರರೂ ರಾಜಕುಮಾರಿಯರೂ ಸಾಮಾನ್ಯವಾಗಿ ಹೊಂಬಿಳುಪು; ಅಸುರರೂ ಬೇಡರೂ ಕಂದು ಅಥವಾ ಕಡುಗಪ್ಪು. ಅಸುರನಾದರೆ ದಪ್ಪ ತುಟಿ, ಪೊದೆಹುಬ್ಬು, ಹೊರಚಾಚಿದ ಕೋರೆ, ಬೊಜ್ಜು ಮೈ. ಪುಟದ ಮಾತನ್ನು ಮುಚ್ಚಿಟ್ಟರೂ ಯಾರು ಗೆಲ್ಲುತ್ತಾರೆಂದು ಬಣ್ಣದಿಂದಲೇ ಹೇಳಬಹುದು. ಈ ಪದ್ಧತಿ ಆ ಮಾಲೆಯ ಸೃಷ್ಟಿಯಲ್ಲ. ೧೮೯೪ರಲ್ಲಿ ಮುಂಬಯಿಯ ಹತ್ತಿರ ಆರಂಭವಾದ ರವಿವರ್ಮನ ಮುದ್ರಣಾಲಯದ ಪಟಗಳಿಂದಲೂ, ಅವುಗಳನ್ನು ಅನುಸರಿಸಿದ ಕ್ಯಾಲೆಂಡರು ಚಿತ್ರಗಳಿಂದಲೂ ಅದು ಹರಿದು ಬಂದಿದೆ.

ಸಂಸ್ಕೃತ ಭಾರತವನ್ನು ಬಲ್ಲವರಿಗೆ ಇಲ್ಲಿ ಒಂದು ದೊಡ್ಡ ತೊಡಕು ಕಾಣುತ್ತದೆ. ಆ ಕಾವ್ಯದ ಪ್ರಧಾನ ಪಾತ್ರಗಳಲ್ಲಿ ಹಲವರು ಕರಿಯರು. ಅದನ್ನು ಕವಿ ಮರೆಮಾಚಿಲ್ಲ, ಹೆಸರಿನಲ್ಲಿಯೇ ಸಾರಿದ್ದಾನೆ. ಯಜ್ಞವೇದಿಯಿಂದ ಎದ್ದುಬಂದ ದ್ರೌಪದಿಯ ಹೆಸರು ಕೃಷ್ಣೆ. ಮೈಬಣ್ಣದಿಂದಲೇ ಆಕೆಗೆ ಆ ಹೆಸರಾಯಿತು, ಮತ್ತು ಲೋಕೋತ್ತರ ಸುಂದರಿಯೆಂಬ ಕೀರ್ತಿ ಆಕೆಯದೇ. ಭಾರತವನ್ನು ಬರೆದ ವ್ಯಾಸನು ಕೃಷ್ಣದ್ವೈಪಾಯನ. ಕರಿಯನಾದುದರಿಂದ ಕೃಷ್ಣ, ದ್ವೀಪದಲ್ಲಿ ಹುಟ್ಟಿದುದರಿಂದ ದ್ವೈಪಾಯನ. ಅರ್ಜುನನ ದಶನಾಮಗಳಲ್ಲಿ ಕೃಷ್ಣ ಎಂಬುದೂ ಒಂದು. ಮೈಬಣ್ಣವನ್ನು ನೋಡಿ ತಂದೆ ಇಟ್ಟ ಹೆಸರೆಂದು ವಿರಾಟಪರ್ವದಲ್ಲಿ ಅವನೇ ಉತ್ತರಕುಮಾರನಿಗೆ ಬಿಡಿಸಿ ಹೇಳುತ್ತಾನೆ. ರಾಮನು ಶ್ಯಾಮಲಾಂಗನೆಂಬುದು ಕೂಸಿಗೂ ಗೊತ್ತು. ಈ ಪರಂಪರೆಯ ಎದುರಿಗೆ ಚಿತ್ರಕಾರನು ಮಾಡಿದ್ದೇನು? ದೇವರಾದ ರಾಮನಿಗೂ ಕೃಷ್ಣನಿಗೂ ಮನುಷ್ಯರಲ್ಲಿ ಯಾರಿಗೂ ಇರದ ನೀಲಿಯನ್ನು ಬಳಿದು ಕಪ್ಪಿನ ಪ್ರಶ್ನೆಯಿಂದ ಪಾರಾದನು. ದೇವರಲ್ಲದ ದ್ರೌಪದಿಯನ್ನೂ ಅರ್ಜುನನನ್ನೂ ಬೆಳ್ಳಗೆ ಮಾಡಿಬಿಟ್ಟನು. ಉಳಿದ ಕಪ್ಪೆಲ್ಲವೂ ರಾಕ್ಷಸರ ಪಾಲಾಯಿತು. ಪುರಾತನವಾದುದನ್ನು ಮಕ್ಕಳಿಗೆ ಮುಟ್ಟಿಸುತ್ತೇವೆಂದು ಹೊರಟ ಪುಸ್ತಕವೇ ಪುರಾತನವಾದ ಮಾತನ್ನು ಅಳಿಸಿತು. ಇದು ಪಾಠದೋಷವೆಂದೇ ವಿದ್ವಾಂಸರು ಎಣಿಸಬೇಕು. ಓಲೆಗರಿಯಲ್ಲಿ ಒಂದು ಅಕ್ಷರ ತಪ್ಪಿದರೆ ತಿಂಗಳುಗಟ್ಟಲೆ ಚರ್ಚಿಸುವವರು ಮಕ್ಕಳ ಪುಸ್ತಕದಲ್ಲಿ ನಾಯಿಕೆಯ ವರ್ಣವೇ ತಪ್ಪಿದ್ದನ್ನು ಸಹಿಸಿಕೊಂಡು ಬಂದಿದ್ದಾರೆ.

ರಾವಣನ ವಿಚಾರದಲ್ಲಿಯೂ ಹೀಗೆಯೇ. ವಿಶ್ರವಸ್ಸೆಂಬ ಋಷಿಯ ಮಗ ಅವನು. ನಾಗಚಂದ್ರನ ರಾಮಾಯಣದಲ್ಲಿ ಅವನು ಒಂದು ದೌರ್ಬಲ್ಯದಿಂದ ಕೆಟ್ಟ ಮಹಾಪುರುಷ; ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಅವನಿಗೂ ಉದ್ಧಾರದ ದಾರಿಯನ್ನು ತೆರೆಯುತ್ತದೆ. ಇಷ್ಟು ಸೂಕ್ಷ್ಮವಾದ ಪರಂಪರೆಯುಳ್ಳ ಕನ್ನಡದ ಮಗು ಚಿತ್ರಪುಸ್ತಕದಲ್ಲಿ ಕಾಣುವುದು ಗಹಗಹಿಸಿ ನಗುವ ಕಪ್ಪು ಮೀಸೆಯ ದಾಂಡಿಗನನ್ನು. ೨೦೦೮ರಲ್ಲಿ ದೂರದರ್ಶಕದ ಕಿರುತೆರೆಗೆ ಬಂದು ಮನೆಮಾತಾದ ಛೋಟಾ ಭೀಮ್ ಎಂಬ ಮಕ್ಕಳ ಮಾಲಿಕೆಯಲ್ಲಿ ಸದಾ ಸೋಲುವ ಪುಂಡ ಹುಡುಗನ ಹೆಸರು ಕಾಲಿಯಾ, ಅಂದರೆ ಕರಿಯ. ನಾಯಕನಿಗೆ ಲಾಡು ತಂದುಕೊಡುವ ಕೆಂಪುಗೆನ್ನೆಯ ಹುಡುಗಿ ಚುಟ್ಕಿ. ಇಲ್ಲಿ ಪುರಾಣದ ನೆಪವೂ ಇಲ್ಲ.

ಆ ಲಾಡಿನ ತಟ್ಟೆ ಇನ್ನೊಂದು ಪ್ರಶ್ನೆಯನ್ನು ಎತ್ತುತ್ತದೆ. ಅಮೆರಿಕದಲ್ಲಿ ಉತ್ತಮ ಚಿತ್ರಪುಸ್ತಕಕ್ಕೆ ಕೊಡುವ ಕಾಲ್ಡೆಕಾಟ್ ಮನ್ನಣೆಯನ್ನು ೧೯೬೭ರಿಂದ ೧೯೭೧ರವರೆಗೆ ಪಡೆದ ಪುಸ್ತಕಗಳನ್ನು ಲೆನೋರ್ ವೈಟ್ಸ್‌ಮನ್ ಮತ್ತು ಸಂಗಡಿಗರು ಪರೀಕ್ಷಿಸಿ ೧೯೭೨ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಗಂಡಿನ ಚಿತ್ರಗಳು ೨೬೧, ಹೆಣ್ಣಿನವು ೨೩. ಆ ಪುಸ್ತಕಗಳ ಒಬ್ಬ ಹೆಂಗಸಿಗೂ ಮನೆಯ ಹೊರಗೆ ಉದ್ಯೋಗವಿರಲಿಲ್ಲ. ಲೆಕ್ಕ ಸುಲಭವಾದುದು, ಯಾವ ಶಾಲೆಯ ಗ್ರಂಥಾಲಯದಲ್ಲಿಯಾದರೂ ಏಳನೆಯ ತರಗತಿಯ ಮಕ್ಕಳೇ ಒಂದು ಮಧ್ಯಾಹ್ನ ಕುಳಿತು ಮಾಡಬಹುದು. ಬಂದ ಉತ್ತರವನ್ನು ಕಂಡು ಅಧ್ಯಾಪಕರಿಗಿಂತ ಹೆಚ್ಚಾಗಿ ಹುಡುಗಿಯರೇ ಬೆರಗಾದಾರು. ಬಿತ್ತುವ, ಕಳೆ ಕೀಳುವ, ರಾಶಿ ತೂರುವ ಹೆಂಗಸರನ್ನು ದಿನವೂ ಹೊಲದಲ್ಲಿ ನೋಡುವ ಮಕ್ಕಳಿಗೆ, ಪುಸ್ತಕದ ರೈತ ಮಾತ್ರ ಯಾವಾಗಲೂ ಗಂಡಸೇ ಆಗಿರುವುದು ಹೇಗೆಂದು ಯಾರೂ ಹೇಳಿಲ್ಲ.

ದೋಷವೆಲ್ಲವೂ ಅಚ್ಚಿನ ಪುಸ್ತಕದ್ದು, ಅಜ್ಜಿಯ ಕಥೆ ನಿರ್ಮಲವೆಂದು ಭಾವಿಸುವುದೂ ಸರಿಯ��್ಲ. ಕಾಗಕ್ಕ ಗುಬ್ಬಕ್ಕರ ಕಥೆಯನ್ನು ಕೇಳದ ಕನ್ನಡದ ಮಗುವಿಲ್ಲ. ಪಾಠಾಂತರಗಳು ಹಲವಾದರೂ ಚೌಕಟ್ಟು ಒಂದೇ. ಗುಬ್ಬಕ್ಕನದು ಗಟ್ಟಿ ಮನೆ, ಕಾಗಕ್ಕನದು ಸಗಣಿಯ ಮನೆ. ಮಳೆ ಬಂದು ಸಗಣಿಯ ಮನೆ ಕೊಚ್ಚಿಹೋಗುತ್ತದೆ. ನೆನೆದು ನಡುಗುತ್ತ ಕಾಗಕ್ಕ ಬಾಗಿಲು ತಟ್ಟಿದರೆ ಒಳಗಿನಿಂದ ಗುಬ್ಬಕ್ಕ ತಡೆ, ಮಗುವಿಗೆ ಎರೆಯುತ್ತಿದ್ದೇನೆ, ತಡೆ, ಉಣಿಸುತ್ತಿದ್ದೇನೆ, ತಡೆ, ತೂಗುತ್ತಿದ್ದೇನೆ ಎನ್ನುತ್ತಲೇ ಇರುತ್ತಾಳೆ. ಕಥೆ ಹೇಳುವವರು ಆ ನೆವಗಳನ್ನು ರಾಗವಾಗಿ ಹೇಳುತ್ತಾರೆ, ಮಕ್ಕಳು ನಗುತ್ತಾರೆ. ಕೊನೆಗೆ ಕೆಲವು ಪಾಠಗಳಲ್ಲಿ ಕಾಗಕ್ಕ ಸುಟ್ಟುಕೊಂಡು ಓಡಿಹೋಗುತ್ತಾಳೆ. ವಾಚ್ಯಾರ್ಥ ಇಷ್ಟೇ: ಮನೆಯನ್ನು ಭದ್ರವಾಗಿ ಕಟ್ಟಿಕೊಳ್ಳಬೇಕು. ವ್ಯಂಗ್ಯಾರ್ಥವೋ? ಕರಿಯಳಾದ, ಸಗಣಿಯ ಮನೆಯ ಬಡವಿ ಮಳೆಯಲ್ಲಿ ನಿಂತಿರುವಾಗ ಬಾಗಿಲು ಹಾಕಿಕೊಂಡವಳ ಪಕ್ಷದಲ್ಲಿ ಕುಳಿತು ನಗಲು ಮಗು ಕಲಿಯುತ್ತದೆ. ಅದೇ ಕಾಗೆಯನ್ನು ಬಸವಣ್ಣನವರು ವಚನವೊಂದರಲ್ಲಿ ತನ್ನ ಬಳಗವನ್ನು ಕರೆದು ಹಂಚಿಕೊಂಡು ತಿನ್ನುವ ಗುಣಕ್ಕೆ ನಿದರ್ಶನವಾಗಿ ತಂದಿದ್ದಾರೆ. ಹಕ್ಕಿ ಒಂದೇ, ನೋಡಿದ ಕಣ್ಣು ಎರಡು. ಹೀಗೆಯೇ ದುರ್ಗಸಿಂಹನ ಕಾಲದಿಂದಲೂ ನರಿಯೆಂದರೆ ಕಪಟಿ. ೧೯೯೪ರ 'ಲಯನ್ ಕಿಂಗ್' ಚಿತ್ರದಲ್ಲಿ ಕತ್ತಲ ನಾಡಿನ ಕತ್ತೆಕಿರುಬಗಳು ಸಿಂಹದ ಎಂಜಲಿಗೆ ಹಾತೊರೆಯುವ ನೀಚರು. ಆದರೆ ಚುಕ್ಕೆಯ ಕತ್ತೆಕಿರುಬ ತನ್ನ ಆಹಾರದ ಬಹುಭಾಗವನ್ನು ತಾನೇ ಬೇಟೆಯಾಡುತ್ತದೆಂದೂ, ಅದು ಕೊಂದದ್ದನ್ನು ಸಿಂಹವೇ ಕಸಿದು ತಿನ್ನುವುದುಂಟೆಂದೂ ಪ್ರಾಣಿಶಾಸ್ತ್ರಜ್ಞರು ಕಂಡಿದ್ದಾರೆ.

ಶಾಲೆಗೆ ಅತ್ಯಂತ ಹತ್ತಿರವಾದ ಉದಾಹರಣೆ ಏಕಲವ್ಯನದು. ಮಕ್ಕಳ ಪುಸ್ತಕಗಳಲ್ಲಿ ಅದು ಗುರುಭಕ್ತಿಯ ಕಥೆ. ಬೇಡರ ಹುಡುಗ, ಮಣ್ಣಿನ ಪ್ರತಿಮೆ, ಕೇಳಿದ ಕೂಡಲೇ ಕತ್ತರಿಸಿ ಕೊಟ್ಟ ಹೆಬ್ಬೆರಳು. ಚಿತ್ರದಲ್ಲಿ ಹುಡುಗನ ಮುಖದ ಮೇಲೆ ನಗೆ. ಆದರೆ ಆದಿಪರ್ವ ಇಷ್ಟಕ್ಕೆ ನಿಲ್ಲಿಸಿಲ್ಲ. ನಿಷಾದನ ಮಗನೆಂದು ದ್ರೋಣನು ಅವನನ್ನು ಸೇರಿಸಿಕೊಳ್ಳಲಿಲ್ಲವೆಂದೂ, ನಿನಗಿಂತ ಮಿಗಿಲಾದ ಶಿಷ್ಯನಿರನೆಂದು ಅರ್ಜುನನಿಗೆ ಕೊಟ್ಟ ಮಾತಿನ ಒತ್ತಾಯ ಹಿಂದೆ ಇತ್ತೆಂದೂ, ಬೆರಳು ಹೋದ ಮೇಲೆ ಹುಡುಗನ ಕೈ ಮೊದಲಿನಷ್ಟು ಚುರುಕಾಗಿರಲಿಲ್ಲವೆಂದೂ, ಅರ್ಜುನನ ಮನಸ್ಸಿನ ಬೇಗೆ ಆರಿತೆಂದೂ ವ್ಯಾಸನು ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಮಕ್ಕಳಿಗೆ ಸಂಗ್ರಹಿಸಿದವರು ಕಾರಣವನ್ನು ಬಿಟ್ಟು ತ್ಯಾಗವನ್ನು ಮಾತ್ರ ಉಳಿಸಿಕೊಂಡರು. ಸಂಕ್ಷೇಪವೆಂಬುದು ಎಷ್ಟೊಂದು ಮಾತನಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ. ಕುವೆಂಪು ೧೯೪೭ರಲ್ಲಿ 'ಬೆರಳ್‌ಗೆ ಕೊರಳ್' ನಾಟಕವನ್ನು ಬರೆದಾಗ ಏಕಲವ್ಯನ ತಾಯಿಯ ಸಂಕಟವನ್ನೂ ದ್ರೋಣನ ಒಳತೋಟಿಯನ್ನೂ ರಂಗಕ್ಕೆ ತಂದರು. ಪ್ರೌಢಶಾಲೆಯ ಮಕ್ಕಳು ಅದನ್ನು ಚೆನ್ನಾಗಿ ಅರ್ಥಮಾಡಿಕೊಳ್ಳಬಲ್ಲರು. ಮನೆತನದಲ್ಲಿ ಮೊದಲ ಬಾರಿಗೆ ಅಕ್ಷರ ಕಲಿಯಲು ಬಂದ ಹುಡುಗನೊಬ್ಬ ಏಕಲವ್ಯನ ಪಾಠದ ದಿನ ಹಿಂದಿನ ಸಾಲಿನಲ್ಲಿ ತಲೆತಗ್ಗಿಸಿ ಕುಳಿತಿದ್ದರೆ, ಆ ಪಾಠ ಅವನಿಗೆ ಏನನ್ನು ಹೇಳಿತೆಂದು ಅಧ್ಯಾಪಕರು ಒಂದು ಕ್ಷಣ ನಿಂತು ಯೋಚಿಸಬೇಕು.

ಇಷ್ಟಾದ ಮೇಲೆ ಪರಿಹಾರವೇನೆಂಬ ಪ್ರಶ್ನೆ ಏಳುತ್ತದೆ. ಹಳೆಯ ಪುಸ್ತಕಗಳನ್ನೆಲ್ಲ ಕಪಾಟಿನಿಂದ ತೆಗೆದುಹಾಕುವುದು ಒಂದು ಮಾರ್ಗ. ೨೦೨೧ರಲ್ಲಿ ಅಮೆರಿಕದ ಸುಪ್ರಸಿದ್ಧ ಮಕ್ಕಳ ಲೇಖಕ ಡಾಕ್ಟರ್ ಸ್ಯೂಸ್ ಅವರ ಆರು ಪುಸ್ತಕಗಳ ಮುದ್ರಣವನ್ನು ಅವರ ಹಕ್ಕುದಾರರೇ ಇಂಥ ಕಾರಣಕ್ಕಾಗಿ ನಿಲ್ಲಿಸಿದಾಗ ಪರವಿರೋಧಗಳ ಕೋಲಾಹಲವೇ ಎದ್ದಿತು. ಮುದ್ರಿಸದಿರುವುದು ಪ್ರಕಾಶಕರ ಇಷ್ಟ. ಆದರೆ ಶಾಲೆಯಲ್ಲಿ ಪುಸ್ತಕವನ್ನು ಬಚ್ಚಿಡುವುದಕ್ಕಿಂತ ಮೇಜಿನ ಮೇಲೆ ಬಿಚ್ಚಿಡುವುದು ಮೇಲು. ದ್ರೌಪದಿಯ ಚಿತ್ರವನ್ನು ತೋರಿಸಿ, ಪಕ್ಕದಲ್ಲಿಯೇ ಭಾರತದ ಗದ್ಯಾನುವಾದದಿಂದ ಆಕೆಯ ಹುಟ್ಟಿನ ಭಾಗವನ್ನು ಓದಿ, ಚಿತ್ರ ಸರಿಯಾಗಿದೆಯೆ ಎಂದು ಮಕ್ಕಳನ್ನೇ ಕೇಳಿದರೆ ಅಲಂಕಾರಶಾಸ್ತ್ರದ ಪಾಠವೂ ಆಯಿತು, ಗ್ರಂಥಸಂಪಾದನೆಯ ಪಾಠವೂ ಆಯಿತು. ಕಾಗಕ್ಕನ ಕಥೆಯನ್ನು ಕಾಗಕ್ಕನ ಬಾಯಿಂದ ಹೇಳಿಸುವುದು ಮಕ್ಕಳಿಗೆ ತುಂಬ ಪ್ರಿಯವಾದ ಆಟವಾಗಬಲ್ಲುದು.

ಹೊಸ ಪುಸ್ತಕಗಳಿಗೂ ಬರವಿಲ್ಲ. ಚೆನ್ನೈಯ ತೂಲಿಕಾ ಪ್ರಕಾಶನ ೧೯೯೬ರಿಂದಲೂ, ಬೆಂಗಳೂರಿನ ಪ್ರಥಮ್ ಬುಕ್ಸ್ ೨೦೦೪ರಿಂದಲೂ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಚಿತ್ರಪುಸ್ತಕಗಳನ್ನು ಹೊರತರಲು ತೊಡಗಿದವು. ಕರಿಯ ಹುಡುಗಿ, ಬೆಸ್ತರ ಹುಡುಗ, ಗುಡಿಸಲಿನ ಮನೆ ಇವು ಅಲ್ಲಿ ಗೇಲಿಗಾಗಿ ಬರುವುದಿಲ್ಲ, ತಮ್ಮಷ್ಟಕ್ಕೆ ತಾವು ಬರುತ್ತವೆ. ಗ್ರಂಥಾಲಯಕ್ಕೆ ಧನಸಹಾಯ ಮಾಡುವ ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ದಪ್ಪ ರಟ್ಟಿನ ಮಹಾಗ್ರಂಥಗಳ ಜೊತೆಗೆ ಇಂಥ ತೆಳುವಾದ ಪುಸ್ತಕಗಳನ್ನೂ ನೆನೆದರೆ ಉಪಕಾರವಾಗುತ್ತದೆ. ಮಹಾಗ್ರಂಥಗಳ ಮೇಲೆ ಧೂಳು ಕೂರುವುದುಂಟು; ಇವು ಹರಿಯುವವರೆಗೆ ಕೈಯಿಂದ ಕೈಗೆ ಹೋಗುತ್ತಿರುತ್ತವೆ.

ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚುವ ಹೊತ್ತು ಕೂಡ ಒಂದು ಚಿತ್ರಪುಸ್ತಕವೇ. ದಪ್ಪಗಿನ ಕರಿಯ ಹುಡುಗನನ್ನು ಯಾರೂ ಕೇಳದೆಯೇ ಘಟೋತ್ಕಚನ ಸಾಲಿನಲ್ಲಿ ನಿಲ್ಲಿಸುವುದು, ಚೆನ್ನಾಗಿ ಮಾತು ಒಪ್ಪಿಸುವ ಕರಿಯ ಹುಡುಗಿಯನ್ನು ಬಿಟ್ಟು ಬೆಳ್ಳಗಿನವಳನ್ನು ದ್ರೌಪದಿ ಮಾಡುವುದು, ಅವಳನ್ನೇ ಮಾಡಬೇಕಾಗಿ ಬಂದರೆ ಮುಖದ ತುಂಬ ಬಿಳಿ ಬಳಿದು ರಂಗಕ್ಕೆ ಕಳುಹಿಸುವುದು ಎಲ್ಲ ಶಾಲೆಗಳಲ್ಲಿಯೂ ನಡೆದುಬಂದ ರೂಢಿ. ಯಾರ ಮನಸ್ಸಿನಲ್ಲಿಯೂ ಕೇಡಿರುವುದಿಲ್ಲ. ಚಿತ್ರಕಲೆಯ ತರಗತಿಯಲ್ಲಿ ಮಕ್ಕಳು ಬಣ್ಣದ ಕಡ್ಡಿಗಳ ಪೆಟ್ಟಿಗೆಯನ್ನು ತೆರೆದು ಒಬ್ಬರನ್ನೊಬ್ಬರು 'ಸ್ಕಿನ್ ಕಲರ್' ಕೊಡು ಎಂದು ಕೇಳುತ್ತಿರುತ್ತಾರೆ. ಕೇಳುವ ಕೈ ಎರೆಮಣ್ಣಿನ ಬಣ್ಣದ್ದು, ಕೊಡುವ ಕೈ ಗೋದಿಯ ಬಣ್ಣದ್ದು, ನಡುವೆ ಕೈ ಬದಲಾಗುವ ಕಡ್ಡಿ ಮಾತ್ರ ತಿಳಿಗುಲಾಬಿಯದು. ಅಮೆರಿಕದ ಕ್ರಯೋಲಾ ಎಂಬ ಬಣ್ಣದ ಕಡ್ಡಿಯ ತಯಾರಕರು ಅಂಥ ಒಂದು ಬಣ್ಣಕ್ಕೆ ಇಟ್ಟಿದ್ದ ಮೈಬಣ್ಣವೆಂಬ ಹೆಸರನ್ನು ೧೯೬೨ರಲ್ಲಿ ಕೈಬಿಟ್ಟು ಪೀಚ್ ಹಣ್ಣಿನ ಹೆಸರನ್ನಿಟ್ಟರು. ೨೦೨೦ರಲ್ಲಿ ಲೋಕದ ಜನರ ಮೈಬಣ್ಣಗಳೆಂದು ಇಪ್ಪತ್ತನಾಲ್ಕು ಕಡ್ಡಿಗಳ ಪೆಟ್ಟಿಗೆಯೊಂದನ್ನು ಹೊರತಂದರು. ಇಲ್ಲಿನ ಅಂಗಡಿಯಲ್ಲಿ ಅದು ದೊರೆಯದಿದ್ದರೂ ಚಿಂತೆಯಿಲ್ಲ. ಮಾಮೂಲು ಪೆಟ್ಟಿಗೆಯಲ್ಲಿಯೇ ಕಂದು ಬಣ್ಣದ ಕಡ್ಡಿ ಇರುತ್ತದೆ. ಮರದ ಬೊಡ್ಡೆಗೆ ಮಾತ್ರ ಬಳಸುವುದರಿಂದ ವರ್ಷದ ಕೊನೆಯಲ್ಲಿಯೂ ಅದು ಹೆಚ್ಚು ಸವೆದಿರುವುದಿಲ್ಲ.